ಅಪ್‌ಡೇಟ್ ಆದ ಮಾರನೇ ಬೆಳಿಗ್ಗೆ ಅಮ್ಮನ ಫೋನಿನಲ್ಲಿ ಹಸಿರು ಗೆರೆ, ಕಂಪನಿ ಮಾತು ನಂಬಬೇಕಾ?

ಕೊಬ್ಬರಿ ಊರಿನವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ತಿಪಟೂರಿನಲ್ಲಿರುವ ನಮ್ಮಮ್ಮನಿಗೆ ಎರಡು ವರ್ಷ ಮೂರು ತಿಂಗಳ ಹಿಂದೆ 22 ಸಾವಿರ ಕೊಟ್ಟು ಫೋನ್ ಕೊಡಿಸಿದ್ದೆ. ಒಂದು ಸಲವೂ ಬಿದ್ದಿಲ್ಲ, ನೀರು ತಾಗಿಲ್ಲ, ಗಾಜಿನ ಮೇಲೆ ಒಂದು ಗೀರೂ ಇಲ್ಲ. ಹೋದ ವಾರ ರಾತ್ರಿ ಅಪ್‌ಡೇಟ್ ಬಂತು, ಅಮ್ಮ ಚಾರ್ಜಿಗೆ ಹಾಕಿ, ಅಪ್‌ಡೇಟ್ ಒತ್ತಿ ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಬಲಗಡೆ ಮೇಲಿಂದ ಕೆಳಗಿನವರೆಗೆ ಒಂದು ಹಸಿರು ಗೆರೆ. ಎರಡು ದಿನ ಬಿಟ್ಟು ಅದರ ಪಕ್ಕದಲ್ಲೇ ಇನ್ನೊಂದು ಗುಲಾಬಿ ಗೆರೆ.

ತಮ್ಮ ತುಮಕೂರಿನ ಸರ್ವಿಸ್ ಸೆಂಟರ್‌ಗೆ ತಗೊಂಡು ಹೋದ. ಎರಡು ನಿಮಿಷ ನೋಡಿ, ವಾರಂಟಿ ಮುಗಿದಿದೆ, ಡಿಸ್‌ಪ್ಲೇ ಬದಲಾಯಿಸಬೇಕು, 9,800 ಆಗುತ್ತೆ ಅಂದರು. ಅಪ್‌ಡೇಟ್ ಆದಮೇಲೆ ತಾನೇ ಹೀಗಾಗಿದ್ದು ಅಂತ ಕೇಳಿದರೆ ಸಾಫ್ಟ್‌ವೇರ್‌ಗೂ ಇದಕ್ಕೂ ಸಂಬಂಧವೇ ಇಲ್ಲವಂತೆ. ಅಲ್ಲೇ ನಿಂತು ಹೊಸ ಮಾಡೆಲ್ಲಿನ ಎಕ್ಸ್‌ಚೇಂಜ್ ಆಫರ್ ಬೇರೆ ಹೇಳಿದರಂತೆ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಈ ಕಂಪನಿಗಳನ್ನು ನಾನು ಮೊದಲಿನಿಂದಲೂ ಅಷ್ಟಾಗಿ ನಂಬಿದವಳಲ್ಲ. 2016ರಲ್ಲಿ ಆಪಲ್ ಐಫೋನಿನಿಂದ ಇಯರ್‌ಫೋನ್ ಸಿಕ್ಕಿಸುವ ತೂತು ತೆಗೆಯಿತು, ಅದೇ ದಿನ ವೈರ್ ಇಲ್ಲದ ಏರ್‌ಪಾಡ್ಸ್ ತೋರಿಸಿತು. 2020ರಲ್ಲಿ ಬಾಕ್ಸಿನಿಂದ ಚಾರ್ಜರ್ ತೆಗೆದು ಪರಿಸರದ ಕಾರಣ ಕೊಟ್ಟಿತು. ಕೆಲವೇ ತಿಂಗಳಲ್ಲಿ ಸ್ಯಾಮ್‌ಸಂಗ್ ಕೂಡ ಅದೇ ದಾರಿ ಹಿಡಿಯಿತು. ಹೀಗೆಲ್ಲ ನೋಡಿದಮೇಲೆ ಫೋನು ಎರಡು ವರ್ಷಕ್ಕೆ ಹಾಳಾಗುವ ಹಾಗೆ ಬೇಕಂತಲೇ ಮಾಡುತ್ತಾರೇನೋ ಅನ್ನಿಸುತ್ತೆ. ನಿಮಗೇನನ್ನಿಸುತ್ತೆ? 9,800 ಕೊಟ್ಟುಬಿಡಲಾ, ಹೊರಗಡೆ ಹಾಕಿಸಲಾ, ದೂರು ಕೊಟ್ಟರೆ ಏನಾದರೂ ಆಗುತ್ತಾ?

ಎಸ್‌ಪಿ ರೋಡ್ ಬೆಂಚು

ಮೇಡಂ, ಹದಿನಾಲ್ಕು ವರ್ಷದಿಂದ ಫೋನ್ ರಿಪೇರಿ ಮಾಡುತ್ತಿದ್ದೇನೆ. ಈ ಗೆರೆ ನಮಗೆ ದಿನಾ ಬರುವ ಕೇಸು. ಹಾಗಾಗಿ ಒಳಗೆ ಏನಾಗುತ್ತೆ ಅಂತ ಮೊದಲು ಹೇಳಿಬಿಡುತ್ತೇನೆ.

ನಿಮ್ಮದು ಅಮೋಲೆಡ್ ಪರದೆ. ಅದರಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತೆ. ಮೇಲಿಂದ ಕೆಳಗಿನ ಒಂದೊಂದು ಸಾಲಿಗೂ ಪರದೆ ನಡೆಸುವ ಡ್ರೈವರ್ ಚಿಪ್‌ನಿಂದ ಕೂದಲಿಗಿಂತ ಸಣ್ಣ ದಾರಿಯಲ್ಲಿ ಸಿಗ್ನಲ್ ಬರುತ್ತೆ. ಈ ದಾರಿಗಳು ಪರದೆಯ ಅಂಚಿನಲ್ಲಿ ಸೇರುವ ಕಡೆ ಬೆಸುಗೆ ಇರಲ್ಲ, ಕರೆಂಟು ಹಾಯಿಸುವ ಒಂದು ಥರದ ಅಂಟಿನಿಂದ ಬಿಸಿ ಕೊಟ್ಟು ಒತ್ತಿರುತ್ತಾರೆ. ಆ ಅಂಟು ಎಲ್ಲಾದರೂ ಸ್ವಲ್ಪ ಸಡಿಲ ಆದರೆ ಆ ಸಾಲು ಪೂರ್ತಿ ಒಂದೇ ಬಣ್ಣದಲ್ಲಿ ನಿಂತುಬಿಡುತ್ತೆ. ನಿಮಗೆ ಕಾಣುವ ಗೆರೆ ಅದೇ.

ಈಗ ಅಪ್‌ಡೇಟಿಗೆ ಬನ್ನಿ. ಅಪ್‌ಡೇಟ್ ಆದಮೇಲೆ ಫೋನು ಎಲ್ಲ ಆಪ್‌ಗಳನ್ನೂ ಹೊಸದಾಗಿ ಸಿದ್ಧ ಮಾಡಿಕೊಳ್ಳುತ್ತೆ, ಸುಮಾರು ಹೊತ್ತು ಪ್ರೊಸೆಸರ್‌ಗೆ ಬಿಡುವೇ ಇರಲ್ಲ. ಅಮ್ಮ ಚಾರ್ಜಿಗೂ ಹಾಕಿದ್ದರು ಅಂದಿರಿ. ಎರಡೂ ಸೇರಿ ಬಿಸಿ ಜಾಸ್ತಿ ಆಗಿರುತ್ತೆ. ಆಗಲೇ ಸೋತಿದ್ದ ಜೋಡಣೆ ಆ ಬಿಸಿಗೆ ಕೈಕೊಟ್ಟಿರುತ್ತೆ. ಹಾಗಾಗಿ ಅಪ್‌ಡೇಟಿಗೆ ಸಂಬಂಧವೇ ಇಲ್ಲ ಅನ್ನುವ ಮಾತು ನಾನು ಒಪ್ಪಲ್ಲ. ಆದರೆ ಅಪ್‌ಡೇಟ್ ಒಂದೇ ಕಾರಣ ಅಂತಲೂ ಹೇಳಲ್ಲ, ಯಾಕಂದರೆ ಅದೇ ಅಪ್‌ಡೇಟ್ ಹಾಕಿಕೊಂಡ ಬೇರೆ ಫೋನುಗಳಿಗೆ ಏನೂ ಆಗಿರಲ್ಲ. ಬೀಳದ, ನೆನೆಯದ ಫೋನಿನಲ್ಲಿ ಅಂಟು ಬಿಟ್ಟರೆ ಅದು ಬಳಸಿದವರ ತಪ್ಪಲ್ಲ, ಜೋಡಿಸಿದವರ ತಪ್ಪು.

ಹೊರಗಡೆ ಹಾಕಿಸುವುದಾದರೆ ಹುಷಾರು. ಕಮ್ಮಿ ಬೆಲೆಗೆ ಸಿಗುವ ಕಾಂಬೋ, ಅಂದರೆ ಗಾಜು, ಪರದೆ ಸೇರಿದ ಸೆಟ್, ಎಷ್ಟೋ ಸಲ ಅಮೋಲೆಡ್ ಆಗಿರಲ್ಲ, ಹಿಂದಿನಿಂದ ದೀಪ ಬೆಳಗುವ ಎಲ್‌ಸಿಡಿ ಆಗಿರುತ್ತೆ. ನಿಮ್ಮ ಫೋನಿನಲ್ಲಿ ಪರದೆ ಮೇಲೇ ಬೆರಳಿಟ್ಟು ಲಾಕ್ ತೆಗೆಯುವುದಿದ್ದರೆ ಅದು ಕೆಲಸ ಮಾಡಲ್ಲ. ಇದನ್ನು ಮೊದಲೇ ಹೇಳದ ಅಂಗಡಿಯವರಿಗೆ ಫೋನ್ ಕೊಡಬೇಡಿ. ಇನ್ನೊಂದು, ಇವತ್ತೇ ಫೋಟೋ, ನಂಬರ್, ವಾಟ್ಸಾಪ್ ಎಲ್ಲ ಬ್ಯಾಕಪ್ ತಗೊಳ್ಳಿ. ಎರಡನೇ ಗೆರೆ ಬಂದಿದೆ ಅಂದರೆ ಪರದೆ ಪೂರ್ತಿ ಹೋಗುವ ಸಾಧ್ಯತೆ ಇದೆ.

ಹಳೇ ಕೀಪ್ಯಾಡ್

ಬೇಕಂತಲೇ ಮಾಡುತ್ತಾರಾ ಅನ್ನುವ ಪ್ರಶ್ನೆ ನನ್ನನ್ನೂ ತುಂಬ ದಿನ ಕಾಡಿತ್ತು. ಈಗ ಆ ಪ್ರಶ್ನೆ ಬಿಟ್ಟಿದ್ದೇನೆ, ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಾವು ಸಾಬೀತು ಮಾಡೋಕೆ ಆಗಲ್ಲ. ಏನು ಮುಚ್ಚಿಟ್ಟರು, ಮುಚ್ಚಿಟ್ಟಿದ್ದರಿಂದ ಯಾರ ಜೇಬಿಗೆ ಕತ್ತರಿ ಬಿತ್ತು ಅಂತ ನೋಡಬೇಕು.

2017ರ ಡಿಸೆಂಬರ್‌ನಲ್ಲಿ ಏನಾಯಿತು ನೆನಪಿದೆಯಾ? ಹಳೇ ಐಫೋನ್‌ಗಳನ್ನು ಸಾಫ್ಟ್‌ವೇರ್ ಮೂಲಕ ನಿಧಾನ ಮಾಡುತ್ತಿದ್ದೇವೆ ಅಂತ ಆಪಲ್ ಒಪ್ಪಿಕೊಂಡಿತು. ಕೊಟ್ಟ ಕಾರಣ ತಾಂತ್ರಿಕವಾಗಿ ಸರಿಯೇ ಇತ್ತು. ಬ್ಯಾಟರಿ ಹಳತಾದಾಗ ಒಮ್ಮೆಲೇ ಜಾಸ್ತಿ ಕರೆಂಟು ಕೊಡೋಕಾಗದೆ ಫೋನು ಆಫ್ ಆಗುತ್ತೆ, ಅದನ್ನು ತಪ್ಪಿಸೋಕೆ ವೇಗ ಇಳಿಸಿದ್ದರು. ಆದರೆ ಫೋನ್ ಇಟ್ಟುಕೊಂಡವರಿಗೆ ಅದನ್ನು ಸರಿಯಾಗಿ ಹೇಳಿರಲಿಲ್ಲ. 79 ಡಾಲರ್ ಕೊಟ್ಟು ಬ್ಯಾಟರಿ ಹಾಕಿಸಿದ್ದರೆ ಸರಿಹೋಗುತ್ತಿದ್ದ ಫೋನನ್ನು ಮುದಿಯಾಯಿತು ಅಂತ ಬಿಸಾಕಿ, ನೂರಾರು ಡಾಲರ್ ಕೊಟ್ಟು ಹೊಸದು ತಗೊಂಡವರು ಏನು ಮಾಡಬೇಕು? ಗಲಾಟೆ ಆದಮೇಲೆ ಬ್ಯಾಟರಿ ಬೆಲೆ 29 ಡಾಲರ್‌ಗೆ ಇಳಿಯಿತು. 2018ರಲ್ಲಿ ಇಟಲಿ ಆಪಲ್‌ಗೆ 1 ಕೋಟಿ ಯೂರೋ, ಅಪ್‌ಡೇಟ್ ಹಾಕಿಸಿ ಫೋನ್ ನಿಧಾನ ಮಾಡಿದ್ದಕ್ಕೆ ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. 2020ರಲ್ಲಿ ಫ್ರಾನ್ಸ್ ಆಪಲ್‌ಗೆ ಇನ್ನೂ 2.5 ಕೋಟಿ ಯೂರೋ ಹಾಕಿತು, ಅದೂ ಗ್ರಾಹಕರಿಗೆ ತಿಳಿಸಲಿಲ್ಲ ಅನ್ನುವ ಕಾರಣಕ್ಕೇ.

ಆಮೇಲೆ ದುಡ್ಡು ಎಲ್ಲಿಂದ ಬರುತ್ತೆ ನೋಡಿ. ಶಿಯೋಮಿ 2018ರಲ್ಲಿ ಫೋನಿನಂಥ ಸಾಮಾನಿನ ಮೇಲೆ ಶೇ 5ಕ್ಕಿಂತ ಜಾಸ್ತಿ ನಿವ್ವಳ ಲಾಭ ಇಟ್ಟುಕೊಳ್ಳಲ್ಲ ಅಂತ ಮಾತು ಕೊಟ್ಟಿತು. ಕೇಳೋಕೆ ಚೆನ್ನಾಗಿದೆ, ಆದರೆ ಆ ಥರದ ವ್ಯಾಪಾರದಲ್ಲಿ ಗಳಿಕೆ ಬರಬೇಕಾದದ್ದು ಜಾಹೀರಾತು, ಆಪ್, ಸೇವೆಗಳಿಂದ. ನಿಮ್ಮಮ್ಮ ಮೂರನೇ ವರ್ಷವೂ ಅದೇ ಫೋನ್ ಹಿಡಿದುಕೊಂಡಿದ್ದರೆ ಹೊಸ ಫೋನ್ ಮಾರಿದ ದುಡ್ಡಂತೂ ಅವರಿಗೆ ಬರಲ್ಲ.

ನನ್ನನ್ನು ಎಲ್ಲಕ್ಕಿಂತ ಕೆರಳಿಸುವ ವಿಷಯ ಬೇರೆಯೇ ಇದೆ. 2023ರಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ, 2024ರಲ್ಲಿ ಸ್ಯಾಮ್‌ಸಂಗ್ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂದವು. ಒಳ್ಳೆಯದೇ. ಆದರೆ ನಮ್ಮಲ್ಲಿ ಫೋನಿನ ವಾರಂಟಿ ಅದೇ ಒಂದು ವರ್ಷ! ಪರದೆ ಮೂರನೇ ವರ್ಷಕ್ಕೆ ಹೋದರೆ ಏಳನೇ ವರ್ಷದ ಅಪ್‌ಡೇಟನ್ನು ಯಾವುದರಲ್ಲಿ ನೋಡೋದು? ಏಳು ವರ್ಷ ಬಳಸಿ ಅಂತ ಜಾಹೀರಾತು ಕೊಡುವವರು ಪರದೆಗೂ ಅಷ್ಟು ವರ್ಷದ ಮಾತು ಬರೆದುಕೊಡಬೇಕು. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಮಾಡೆಲ್ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು, ಬ್ಯಾಟರಿ 800 ಸಲ ಚಾರ್ಜ್ ಆದಮೇಲೂ ಮೊದಲಿನ ಸಾಮರ್ಥ್ಯದ ಶೇ 80 ಉಳಿದಿರಬೇಕು. ನಮ್ಮಲ್ಲಿ 2022ರಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ (ರಿಪೇರಿ ಮಾಡಿಸಿಕೊಳ್ಳುವ ಹಕ್ಕು) ಪೋರ್ಟಲ್ ಮಾಡಿತು. ಕಂಪನಿಗಳ ರಿಪೇರಿ ಮಾಹಿತಿ ಅಲ್ಲಿ ಸಿಗುತ್ತೆ, ಯುರೋಪಿನ ಥರ ಕಟ್ಟುಪಾಡು ಅದರಲ್ಲಿಲ್ಲ.

ಪುತ್ತೂರಿನ ಕೌಂಟರ್

ಅಕ್ಕ, ನಾನು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕಂಪನಿ ಪರ ಮಾತಾಡುತ್ತಿಲ್ಲ, ಆದರೆ ನಮ್ಮ ಕಡೆಯದೂ ಸ್ವಲ್ಪ ಇದೆ. ಬಂದವರು ಕ್ಯಾಮೆರಾ ಎಷ್ಟು ಎಂಪಿ, ಇಎಂಐ ಎಷ್ಟು ತಿಂಗಳು ಅಂತ ಕೇಳುತ್ತಾರೆ. ಡಿಸ್‌ಪ್ಲೇ ಹೋದರೆ ಎಷ್ಟಾಗುತ್ತೆ ಅಂತ ಇವತ್ತಿನವರೆಗೆ ಒಬ್ಬರೂ ನನ್ನ ಹತ್ತಿರ ಕೇಳಿಲ್ಲ.

ಹಳೇ ಕೀಪ್ಯಾಡ್

ಕೇಳಬೇಕು, ಒಪ್ಪಿದೆ. ಆದರೆ ಆ ಬೆಲೆ ಬಾಕ್ಸಿನ ಮೇಲೆ ಇರುತ್ತಾ ತಮ್ಮಾ? ಎಂಪಿ ಎಷ್ಟು ಅಂತ ದೊಡ್ಡದಾಗಿ ಹಾಕುತ್ತಾರೆ, ಜನ ಅದನ್ನೇ ಕೇಳುತ್ತಾರೆ.

ಶಿವಮೊಗ್ಗದ ಮೇಷ್ಟ್ರು

ನೋಡಮ್ಮ, ದೂರು ಕೊಟ್ಟರೆ ಏನಾದರೂ ಆಗುತ್ತಾ ಅಂತ ಕೇಳಿದೆಯಲ್ಲ, ಆಗುತ್ತೆ, ಆದರೆ ಬರವಣಿಗೆಯಲ್ಲಿ ಇರಬೇಕು. ನನ್ನ ಲ್ಯಾಪ್‌ಟಾಪಿನ ಕೀಲು ವಾರಂಟಿ ಒಳಗೇ ಮುರಿದಾಗ ನೀವೇ ಬೀಳಿಸಿದ್ದೀರಿ ಅಂದರು. ಫೋನಿನಲ್ಲಿ ಹತ್ತು ಸಲ ಮಾತಾಡಿದೆ, ಉಪಯೋಗ ಆಗಲಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಅಂತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದ ಮೇಲೆ ಮಾತು ಬದಲಾಯಿತು, ಪುಕ್ಕಟೆ ಹಾಕಿಕೊಟ್ಟರು.

ಮೊದಲು ಕಂಪನಿಗೆ ಇಮೇಲ್ ಮಾಡು. ಬಿಲ್ಲು, ಗೆರೆಯ ಫೋಟೋ, ಅಪ್‌ಡೇಟ್ ಆದ ದಿನ, ಸರ್ವಿಸ್ ಸೆಂಟರ್ ಕೊಟ್ಟ ಜಾಬ್‌ಶೀಟ್ (ಫೋನ್ ನೋಡಿ ಬರೆದುಕೊಡುವ ಚೀಟಿ) ಎಲ್ಲ ಸೇರಿಸು. ಜಾಬ್‌ಶೀಟಿನಲ್ಲಿ ಬಿದ್ದ ಗುರುತು ಇಲ್ಲ, ನೀರು ಹೋಗಿಲ್ಲ ಅಂತ ಬರೆಸಿಕೋ, ನಾಳೆ ನಿನ್ನನ್ನು ಕಾಯುವುದು ಆ ಒಂದು ಸಾಲು. ಉತ್ತರ ಸರಿಯಾಗಿ ಬರಲಿಲ್ಲ ಅಂದರೆ 1915ಕ್ಕೆ ಫೋನ್ ಮಾಡು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದೂ ಆಗಲಿಲ್ಲ ಅಂದರೆ ಆಯೋಗ. 2019ರ ಕಾಯ್ದೆ ಪ್ರಕಾರ ನೀನು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಇರುವ ಊರಿಗೆ ಹೋಗಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಬಿಲ್ಲು ನಿನ್ನ ಹೆಸರಲ್ಲಿದ್ದು ಬಳಸಿದ್ದು ನಿನ್ನಮ್ಮ ಆದರೂ ತೊಂದರೆ ಇಲ್ಲ, ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಆದರೆ ತಡ ಮಾಡಬೇಡ, ಎರಡು ವರ್ಷದ ಗಡುವು ಇದೆ. ಗಡುವು ಗೆರೆ ಬಂದ ದಿನದಿಂದ ಅಂತ ನೀನು ಹೇಳುತ್ತೀಯ, ಅವರು ಕೊಂಡ ದಿನದಿಂದ ಅಂತ ವಾದ ಮಾಡಬಹುದು. ಅದಕ್ಕೇ ತಾರೀಖು ಎಲ್ಲ ಬರೆದಿಡು.

ಕೊಬ್ಬರಿ ಊರಿನವಳು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಂಬತ್ತು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ತಮ್ಮ ಮತ್ತೆ ತುಮಕೂರಿಗೆ ಹೋಗಿ ಜಾಬ್‌ಶೀಟಿನಲ್ಲಿ ಮೇಷ್ಟ್ರು ಹೇಳಿದ ಸಾಲು ಬರೆಸಿಕೊಂಡ. ಮೊದಲು ಆಗಲ್ಲ ಅಂದರಂತೆ, ಬರೆಯಲ್ಲ ಅಂತಲೇ ಬರೆದುಕೊಡಿ ಅಂದಮೇಲೆ ಬರೆದರು. ಇಮೇಲ್‌ಗೆ ಬಂದ ಮೊದಲ ಉತ್ತರ ಸುಮ್ನೆ ಕ್ಷಮೆ ಕೇಳುವ ಮಾತು, ಬೇರೇನೂ ಇಲ್ಲ. 1915ರಲ್ಲಿ ದೂರು ದಾಖಲಾದ ಮೂರನೇ ದಿನ ಕಂಪನಿಯಿಂದಲೇ ಫೋನ್ ಬಂತು, ಅರ್ಧ ಬೆಲೆಗೆ ಹಾಕಿಕೊಡುತ್ತೇವೆ ಅಂದರು. ತಪ್ಪು ನಮ್ಮದಲ್ಲ ಅಂದಮೇಲೆ ಅರ್ಧ ಯಾಕೆ ಅಂತ ಕೇಳಿದೆ. ಅದು ವಿಶೇಷ ರಿಯಾಯಿತಿ ಅಂದರು. ಅದನ್ನೇ ಇಮೇಲ್‌ನಲ್ಲಿ ಕಳಿಸಿ ಅಂದೆ, ಇನ್ನೂ ಬಂದಿಲ್ಲ.

ಬ್ಯಾಕಪ್ ಆಗಿದೆ. ಬಿಲ್ಲು ಅಮ್ಮನ ಹತ್ತಿರವೇ ಇತ್ತು, ರೇಷನ್ ಕಾರ್ಡ್ ಇಡುವ ಡಬ್ಬದಲ್ಲಿ ಫೋನಿನ ಬಾಕ್ಸಿನ ಚೀಟಿ ಸಮೇತ. ಈಗ ಮೂರು ಗೆರೆ ಆಗಿವೆ. ಅಮ್ಮನಿಗೆ ಕೊಬ್ಬರಿ ರೇಟು ಇನ್ನೂ ಓದೋಕೆ ಆಗುತ್ತೆ, ಆದರೆ ವಿಡಿಯೋ ಕಾಲಿನಲ್ಲಿ ನಿನ್ನ ಮುಖದ ಮೇಲೇ ಗೆರೆ ಬರುತ್ತೆ ಕಣೇ ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಮೇಷ್ಟ್ರೇ, ಸೋಮವಾರದ ತನಕ ಕಾಯುತ್ತೇನೆ. ನೀವು ಕಳಿಸಿದ ನೋಟಿಸಿನ ಪ್ರತಿ ಇದ್ದರೆ ಹೆಸರು, ವಿಳಾಸ ತೆಗೆದು ಇಲ್ಲಿ ಹಾಕುತ್ತೀರಾ?