ಪದಚರ್ಚೆ: ‘ಬೈಂಡಿಂಗ್ ಪಾಕೆಟ್’ ಎಂಬುದು ಜೇಬೋ, ಕುಳಿಯೋ, ಪೊಟರೆಯೋ?

ಮಾನ್ಯರೇ,

ವೈರಸ್ಸಿನ ಪ್ರೋಟೀನುಗಳ ರಚನೆಯನ್ನು ಆಧರಿಸಿ ಔಷಧ ರೂಪಿಸುವ ಬಗೆಯನ್ನು ವಿವರಿಸುವ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಕಿಣ್ವದ ಮೈಯಲ್ಲಿ ಔಷಧದ ಅಣು ಹೋಗಿ ಕೂರುವ ತಾಣಕ್ಕೆ ಇಂಗ್ಲಿಷಿನಲ್ಲಿ ‘ಬೈಂಡಿಂಗ್ ಪಾಕೆಟ್’ ಎನ್ನುತ್ತಾರೆ. ನಾನು ‘ಬಂಧಕ ಜೇಬು’ ಎಂದು ಬರೆದಿದ್ದೇನೆ, ಆದರೆ ಕಿವಿಗೆ ಒಗ್ಗುತ್ತಿಲ್ಲ. ಇನ್‌ಫ್ಲುಯೆಂಜಾ ವೈರಸ್ಸಿನ ನ್ಯೂರಮಿನಿಡೇಸ್ ಮತ್ತು ಎಚ್‌ಐವಿಯ ಪ್ರೋಟಿಯೇಸ್ ಎಂಬ ಎರಡು ಕಿಣ್ವಗಳಿಗೂ ಹೊಂದುವ ಒಂದೇ ಪದ ಬೇಕಾಗಿದೆ.

> ‘ಬಂಧಕ ಜೇಬು’ ಎಂದು ಬರೆದಿದ್ದೇನೆ

ಸಲ್ಲದು. ಜೇಬು, ಕಿಸೆ ಎರಡೂ ಅರಬ್ಬಿ, ಪಾರಸಿಗಳ ಕಡೆಯಿಂದ ಬಂದವು, ‘ಬಂಧಕ’ ಸಂಸ್ಕೃತದ್ದು. ಹಳಗನ್ನಡದಲ್ಲಿ ೞಕಾರದಿಂದ ಬರೆಯುತ್ತಿದ್ದ, ತಮಿಳು ಇಂದಿಗೂ ಆ ಉಚ್ಚಾರಣೆಯನ್ನು ಉಳಿಸಿಕೊಂಡಿರುವ ‘ಕುಳಿ’ ನಮ್ಮದೇ ಪದ. ಅದನ್ನು ಬಳಸಿರಿ.

> ‘ಕುಳಿ’ ನಮ್ಮದೇ ಪದ

ಪದದ ಕುಲವನ್ನು ಕೇಳುವ ಮೊದಲು ವಸ್ತುವಿನ ಆಕಾರವನ್ನು ನೋಡಬೇಕು. 1983ರಲ್ಲಿ ನ್ಯೂರಮಿನಿಡೇಸಿನ ರಚನೆ ತಿಳಿದಾಗ ಕಂಡದ್ದು ನಿಜಕ್ಕೂ ಆಳವಾದ ಕುಳಿಯೇ: ವೈರಸ್ಸಿನ ತಳಿ ಬದಲಾದಂತೆ ಸುತ್ತಲಿನ ಮೈ ಬದಲಾದರೂ ಅದರ ಒಳಗೋಡೆಯ ಅಮೈನೋ ಆಮ್ಲಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ, ಮತ್ತು ಅಲ್ಲಿ ಸಹಜವಾಗಿ ಬಂದು ಕೂರುವ ಸಿಯಾಲಿಕ್ ಆಮ್ಲಕ್ಕಿಂತ ಬಿಗಿಯಾಗಿ ಕೂರುವ ಅಣುವನ್ನು ಅಳತೆ ನೋಡಿ ಕಟ್ಟಿದ್ದರಿಂದಲೇ ಝನಾಮಿವಿರ್ ಎಂಬ ಫ್ಲೂ ಔಷಧ ದೊರೆಯಿತು. ಆದರೆ 1989ರಲ್ಲಿ ತಿಳಿದುಬಂದ ಎಚ್‌ಐವಿ ಪ್ರೋಟಿಯೇಸಿನ ರಚನೆ ಬೇರೆ ಬಗೆಯದು. ತಲಾ 99 ಅಮೈನೋ ಆಮ್ಲಗಳ, ಒಂದೇ ತೆರನಾದ ಎರಡು ಸರಪಳಿಗಳು ಕೂಡುವ ಕಡೆ ಉಂಟಾಗುವ ಪೊಳ್ಳು ಅದು. ಒಳಗೆ ಅಣು ಸೇರಿದಾಗ ಮೇಲಿನ ಎರಡು ರೆಪ್ಪೆಗಳು ಅದರ ಮೇಲೆ ಕವಿದುಕೊಳ್ಳುತ್ತವೆ. ಬಾಯಿ ತೆರೆದು ಮೇಲ್ಮುಖವಾಗಿರುವ ಕುಳಿಗೆ ಈ ಮುಚ್ಚಿಗೆ ಇಲ್ಲ. ಮರದೊಳಗಿನ ಪೊಳ್ಳಾದ ‘ಪೊಟರೆ’ಗೆ ಬಾಯಿಯೂ ಉಂಟು, ಒಡಲೂ ಉಂಟು, ಹಕ್ಕಿ ಹೊಕ್ಕು ನೆಲೆಸುವಂತೆ ಅಣುವೂ ಹೊಕ್ಕು ನೆಲೆಸುತ್ತದೆ. ಜೇಬು ಬೇಡವೆನ್ನುವುದಕ್ಕೆ ನನ್ನ ಕಾರಣ ಅದರ ಮೂಲವಲ್ಲ: ಜೇಬು ಯಾವ ವಸ್ತುವನ್ನಾದರೂ ಹಿಡಿಸುತ್ತದೆ, ಈ ತಾಣವೋ ತನ್ನ ಆಕಾರಕ್ಕೆ ಒಪ್ಪಿದ್ದನ್ನಷ್ಟೇ ಬಿಗಿಹಿಡಿಯುತ್ತದೆ.

> ‘ಪೊಟರೆ’ಗೆ ಬಾಯಿಯೂ ಉಂಟು

ಪೊಟರೆ ಮರಕ್ಕೆ ಮಾತ್ರ. ಮೂಲ ಮುಖ್ಯವಲ್ಲವೆಂದರೆ ನಾಳೆ ‘ಪಾಕೆಟ್’ ಎಂದೇ ಬರೆಯಬಹುದಲ್ಲವೇ?

> ಮರಕ್ಕೆ ಮಾತ್ರ

ಒಂದು ವಸ್ತುವಿನ ಹೆಸರನ್ನು ಅದರಂತಿರುವ ಇನ್ನೊಂದಕ್ಕೆ ಹಿಗ್ಗಿಸಿಯೇ ಭಾಷೆ ಬೆಳೆಯುತ್ತದೆ. ಕಣ್ಣಿನ ‘ರೆಪ್ಪೆ’ಯನ್ನು ಪ್ರೋಟೀನಿಗೆ ಹೇಳಿದಾಗ ತಾವು ತಕರಾರು ಮಾಡಲಿಲ್ಲ. ಎರವಲಿನ ಮಾತಿಗೆ ಬಂದರೆ, ಲ್ಯಾಟಿನ್ನಿನ ‘ವೈರಸ್’ ಸಂಸ್ಕೃತದ ‘ವಿಷ’ದ ಒಡಹುಟ್ಟು. ಇವೆರಡರಲ್ಲಿ ಯಾವುದನ್ನು ಬಳಸಿದರೂ ಅಚ್ಚಗನ್ನಡವಾಗದು, ಆದರೂ ಓದುಗರಿಗೆ ಎರಡೂ ತಿಳಿಯುತ್ತವೆ. ಪೊಟರೆಯನ್ನು ನಾನು ಆರಿಸಿದ್ದು ಅದು ಚಿತ್ರವನ್ನು ಸರಿಯಾಗಿ ಮೂಡಿಸುತ್ತದೆ ಎಂಬ ಕಾರಣಕ್ಕೆ.

ಇಬ್ಬರಿಗೂ ವಂದನೆಗಳು. ‘ಬಂಧಕ’ವನ್ನು ಕೈಬಿಟ್ಟು, ಫಲಕದಲ್ಲಿ ಹೀಗೆ ಇಡುತ್ತಿದ್ದೇನೆ: “ಔಷಧದ ಅಣು ಕಿಣ್ವದ ಪೊಟರೆಯಲ್ಲಿ ಬಿಗಿಯಾಗಿ ಕುಳಿತರೆ, ಕಿಣ್ವ ತನ್ನ ಕೆಲಸ ಮಾಡಲಾರದು.”