ಆರ್‌ಎಕ್ಸ್ 100 ಹೆಡ್ ಫೇಸಿಂಗ್: ಎಷ್ಟು ಹೊಡೆಸಬಹುದು?

ಪ್ರಶ್ನೆ: ಸರ್, ನನ್ನದು 1994ರ ಯಮಹಾ ಆರ್‌ಎಕ್ಸ್ 100. ಬೋರ್ (ಸಿಲಿಂಡರಿನ ಒಳವ್ಯಾಸ) ಇನ್ನೂ ಸ್ಟ್ಯಾಂಡರ್ಡ್, ಕಾರ್ಬುರೇಟರ್, ಸೈಲೆನ್ಸರ್ ಎಲ್ಲ ಕಂಪನಿಯದೇ. ಲೇತ್‌ನವರು "ಹೆಡ್ ಒಂದು ಎಂಎಂ ಹೊಡೆದರೆ ಪಿಕಪ್ ಸಖತ್ತಾಗಿ ಬರುತ್ತೆ" ಅಂತಾರೆ. ಮಾಡಿಸಲಾ, ಅರ್ಧ ಎಂಎಂ ಸಾಕಾ?

ಉತ್ತರ: ಫೇಸಿಂಗ್ ಅಂದರೆ ಹೆಡ್ಡಿನ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದ, ಕೆಳಮುಖವನ್ನು ಲೇತಿನಲ್ಲಿ ಕತ್ತರಿಸಿ ತೆಳುವಾಗಿಸೋದು. ಅಳೆಯದೆ ಅರ್ಧವೂ ಬೇಡ, ಒಂದೂ ಬೇಡ. ಈ ಗಾಡಿ ಬರೋದು ನಿಂತಿದ್ದೇ 1996ರಲ್ಲಿ. ಅಷ್ಟು ಹಳೇ ಹೆಡ್ ಈಗಾಗಲೇ ಎಷ್ಟು ಸಲ ಲೇತ್ ಹತ್ತಿ ಇಳಿದಿದೆಯೋ ಯಾರಿಗೆ ಗೊತ್ತು.

ಮೊದಲು ಸ್ಕ್ವಿಶ್ ನೋಡಿ, ಅಂದರೆ ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿಗೂ ಹೆಡ್‌ಗೂ ಉಳಿಯುವ ಸಂದು. ಹೆಡ್ ಬಿಚ್ಚಿ, 2 ಎಂಎಂ ಸೋಲ್ಡರ್ ವೈರಿನ ಎರಡು ತುಂಡನ್ನು ಗ್ರೀಸ್ ಹಚ್ಚಿ ಪಿಸ್ಟನ್ ಮೇಲೆ ಅಂಟಿಸಿ. ತುದಿ ಬೋರ್ ಗೋಡೆಗೆ ತಾಗಿರಲಿ, ಎರಡೂ ಗಜನ್ ಪಿನ್ (ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್) ಸಾಲಿನಲ್ಲೇ ಇರಲಿ. ಮುಂದೆ ಹಿಂದೆ ಇಟ್ಟರೆ ಪಿಸ್ಟನ್ ವಾಲಿ ಸುಳ್ಳು ಅಳತೆ ಬರುತ್ತೆ. ಮುಂದೆ ಹಾಕುವ ಗ್ಯಾಸ್ಕೆಟ್ಟನ್ನೇ ಹಾಕಿ, ನಟ್‌ಗಳನ್ನು ಟಾರ್ಕ್ ಮಾಡಿ, ಕಿಕ್ಕರನ್ನು ಕೈಯಲ್ಲಿ ನಿಧಾನಕ್ಕೆ ಒತ್ತಿ ಟಿಡಿಸಿ (ಪಿಸ್ಟನ್ ತೀರಾ ಮೇಲೆ ಬರುವ ಜಾಗ) ಒಮ್ಮೆ ದಾಟಿಸಿ. ಚಪ್ಪಟೆಯಾದ ತುದಿಯನ್ನು ಮೈಕ್ರೋಮೀಟರ್‌ನಲ್ಲಿ ಹಿಡಿಯಿರಿ. 1.5 ಬಂದರೆ ಹೊಡೆಸಲು ಜಾಗ ಇದೆ. 1.0 ಬಂದರೆ ಸುಮ್ಮನೆ ಮುಚ್ಚಿ. 0.8ಕ್ಕಿಂತ ಕೆಳಗೆ ರಸ್ತೆ ಗಾಡಿಗೆ ಬೇಡ: ಆರ್‌ಪಿಎಂ ಏರಿದಾಗ ರಾಡ್ ಹಿಗ್ಗುತ್ತೆ, ಬೇರಿಂಗ್ ಆಟ ಸೇರುತ್ತೆ, ಕಾರ್ಬನ್ನೂ ಕೂರುತ್ತೆ.

ಪ್ರಶ್ನೆ: ಕಂಪ್ರೆಷನ್, ಅಂದರೆ ಸಿಲಿಂಡರಿನ ಗಾಳಿ ಎಷ್ಟು ಪಟ್ಟು ಒತ್ತಿಕೊಳ್ಳುತ್ತೆ ಅನ್ನೋದು, ಎಷ್ಟು ಏರುತ್ತೆ ಅನ್ನೋ ಲೆಕ್ಕ ಹೇಗೆ? ಟಿಡಿಸಿಯಲ್ಲಿ ಎಣ್ಣೆ ತುಂಬಿ ನೋಡಿದೆ, 10.7 ಸಿಸಿ ಹಿಡೀತು. ಅದರಲ್ಲಿ ಭಾಗಿಸಿದರೆ 10ರ ಮೇಲೆ ಬರುತ್ತೆ. ಕಂಪನಿಯವರು 6ರ ಮೇಲೆ ಏನೋ ಹೇಳ್ತಾರಲ್ಲ?

ಉತ್ತರ: ಎಣ್ಣೆಯನ್ನು ಪ್ಲಗ್ ತೂತಿನ ಬಾಯಿವರೆಗೆ ತುಂಬಿದ್ದೀರಿ ಅಂತ ಕಾಣುತ್ತೆ. 14 ಎಂಎಂ ಪ್ಲಗ್, 12.7 ಎಂಎಂ ಉದ್ದದ ಥ್ರೆಡ್, ಅಷ್ಟರಲ್ಲೇ 1.7 ಸಿಸಿ ಕೂತಿರುತ್ತೆ. ಅದನ್ನು ಕಳೆದರೆ 9 ಸಿಸಿ.

ಬೋರ್ 50 ಎಂಎಂ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 50 ಎಂಎಂ, ಆದ್ದರಿಂದ 98.2 ಸಿಸಿ. ಪೂರ್ತಿ ಸ್ಟ್ರೋಕ್ ಹಿಡಿದರೆ (98.2 + 9) ÷ 9 = 11.9. ಆದರೆ ಟೂ ಸ್ಟ್ರೋಕ್‌ನಲ್ಲಿ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ಕಿಂಡಿ) ಮುಚ್ಚೋವರೆಗೆ ಗಾಳಿ ಒತ್ತೋದೇ ಇಲ್ಲ. ಜಪಾನಿನ ಕಂಪನಿಗಳು ಅಲ್ಲಿಂದ ಮೇಲಿನದನ್ನಷ್ಟೇ ಎಣಿಸುತ್ತವೆ. ಟಿಡಿಸಿಯಿಂದ ಪೋರ್ಟಿನ ಮೇಲಂಚಿಗೆ ನಿಮ್ಮ ಬ್ಯಾರಲ್‌ನಲ್ಲಿ 26 ಎಂಎಂ ಅಂತಿಟ್ಟುಕೊಳ್ಳಿ: 51 ಸಿಸಿ. (51 + 9) ÷ 9 = 6.7. ಪೋರ್ಟಿಂಗ್ ಆಗಿರೋ, ಅಂದರೆ ಕಿಂಡಿ ಕೊರೆದು ದೊಡ್ಡದು ಮಾಡಿರೋ, ಬ್ಯಾರಲ್ ಆದರೆ 26ರ ಬದಲು ಬೇರೆ ಬರುತ್ತೆ, ಡೆಪ್ತ್ ಗೇಜಿನಲ್ಲಿ ನೋಡಿ.

ಹೆಡ್‌ನಲ್ಲಿ ಒಂದು ಎಂಎಂ ಹೋದರೆ ಸುಮಾರು 1.96 ಸಿಸಿ ಹೋಯಿತು. ಅರ್ಧ ಎಂಎಂಗೆ 6.7 ಹೋಗಿ 7.4 ಆಗುತ್ತೆ. ಒಂದು ಎಂಎಂಗೆ 8.2. ಏರಿಕೆ ಸಮನಾಗಿಲ್ಲ ನೋಡಿ, ಕೊನೆಯ ಅರ್ಧ ಎಂಎಂ ಮೊದಲಿನದಕ್ಕಿಂತ ದುಬಾರಿ. ಗಾಳಿಯಲ್ಲಿ ತಣಿಯೋ ಹೆಡ್, ಬಂಕಿನ ಪೆಟ್ರೋಲ್, ಇದಕ್ಕೆ 7.4 ಧಾರಾಳ.

ಪ್ರಶ್ನೆ: ಲೇತ್‌ನವರಿಗೆ ಏನು ಹೇಳಿ ಕೊಡಬೇಕು?

ಉತ್ತರ: ಫಿನ್ ಹಿಡಿದು ಚಕ್‌ಗೆ ಕಟ್ಟಬೇಡಿ ಅಂತ ಮೊದಲು ಹೇಳಿ. ಫಿನ್ ಮುರಿಯುತ್ತೆ, ಮುಖವೂ ಓರೆಯಾಗುತ್ತೆ. 14 × 1.25 ಥ್ರೆಡ್ಡಿನ ಮ್ಯಾಂಡ್ರಲ್ (ಹೆಡ್ ಹಿಡಿಯುವ ದಂಡ) ಮಾಡಿಸಿ ಪ್ಲಗ್ ತೂತಿಗೆ ಬಿಗಿಸಬೇಕು. ತೂತು ಓರೆ ಇದ್ದ ಹೆಡ್ಡಿಗೆ ಇದು ಆಗೋಲ್ಲ, ಫೇಸ್ ಪ್ಲೇಟ್ ಬೇಕು. ಡಯಲ್ ಗೇಜ್ ಇಟ್ಟು ಮುಖ 0.02ರೊಳಗೆ ಓಡುವಂತೆ ಮಾಡಿಕೊಂಡು, ಸಲಕ್ಕೆ 0.1ರಂತೆ ತೆಗೀಲಿ.

ಎಲ್ಲರೂ ಮರೆಯೋದು ಇಲ್ಲಿ. ಚೇಂಬರ್ ಬಟ್ಟಲಿನ ಹಾಗೆ ಒಳಗೆ ಕಿರಿದಾಗುತ್ತಾ ಹೋಗುತ್ತೆ. ಮುಖ ಕತ್ತರಿಸಿದಷ್ಟೂ ಬಾಯಿ 50ಕ್ಕಿಂತ ಸಣ್ಣದಾಗಿ, ಚಪ್ಪಟೆ ಅಂಚೊಂದು ಬೋರಿನೊಳಗೆ ಚಾಚುತ್ತೆ. ಪಿಸ್ಟನ್ ಹೊಡೆಯೋದು ಅದಕ್ಕೇ. ಆದ್ದರಿಂದ ಪಿಸ್ಟನ್ ಗುಮ್ಮಟದ ಓರೆಗೆ ಸರಿಯಾಗಿ ಸ್ಕ್ವಿಶ್ ಪಟ್ಟಿಯನ್ನು ಮತ್ತೆ ಕೊರೆಯಬೇಕು. ಆಗ ಮೇಲಿನ ಲೆಕ್ಕದ ಅಲ್ಪಸ್ವಲ್ಪ ಸಿಸಿ ವಾಪಸ್ ಬರುತ್ತೆ, ಮತ್ತೊಮ್ಮೆ ಎಣ್ಣೆ ತುಂಬಿ ನೋಡಿ. ಕೊನೆಗೆ ದಪ್ಪ ಗಾಜಿನ ಮೇಲೆ 400ರ ಎಮರಿ ಪೇಪರ್ ಹಾಸಿ, ಇಂಗ್ಲಿಷ್ ಎಂಟರಂತೆ ಆಡಿಸಿ ತಿಕ್ಕಿ.

ಪ್ರಶ್ನೆ: ಮಾಡಿಸಿದ್ದೀನಿ ಸರ್, 0.5. ಬೆಂಗಳೂರಲ್ಲಿ ಚೆನ್ನಾಗಿ ಓಡ್ತು. ಮಂಗಳೂರಿಗೆ ಹೋದಾಗ ಟಾಪ್ ಗೇರಲ್ಲಿ ಥ್ರಾಟಲ್ ಕೊಟ್ಟರೆ ಡಬ್ಬೀಲಿ ಕಡಲೆಕಾಳು ಅಲ್ಲಾಡಿಸಿದ ಸದ್ದು.

ಉತ್ತರ: ಇದು ನಾಕಿಂಗ್, ಅಂದರೆ ಮಿಶ್ರಣ ಹದವಾಗಿ ಉರಿಯದೆ ತಾನಾಗೇ ಸಿಡಿಯೋದು. ಓಡಿಸೋದು ನಿಲ್ಲಿಸಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಶೇ. 10ರಷ್ಟು ಕಡಿಮೆ. ಕರಾವಳಿಗೆ ಇಳಿದರೆ ಸಿಲಿಂಡರಿಗೆ ಅಷ್ಟು ಹೆಚ್ಚು ಗಾಳಿ ನುಗ್ಗಿ ಮಿಶ್ರಣವೂ ಬಡವಾಗುತ್ತೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲೋಲ್ಲ). ಪ್ಲಗ್ಗಿನ ಪಿಂಗಾಣಿ ಮೇಲೆ ಮೆಣಸಿನ ಪುಡಿಯಂಥ ಚುಕ್ಕಿ ಇದೆಯಾ ನೋಡಿ. ಬೆಳ್ಳಗೆ ಮಿಣುಗಿದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಮ್ಮೇ. ಪಿಸ್ಟನ್ ಅಂಚು ಇಲಿ ಕಡಿದಂತಿದ್ದರೆ ಪಿಸ್ಟನ್ ಬದಲಾಯಿಸಲೇಬೇಕು. ಇಲ್ಲವಾದರೆ ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತು) ಒಂದು ಸೈಜ್ ಏರಿಸಿ, ಪ್ಲಗ್ ಒಂದು ಹೀಟ್ ರೇಂಜ್ ತಣ್ಣಗಿನದು ಹಾಕಿ, ಇಗ್ನಿಷನ್ ಮ್ಯಾನುಯಲ್‌ನ ಗುರುತಿಗಿಂತ ಮುಂದಿದ್ದರೆ ಹಿಂದಕ್ಕೆ ತನ್ನಿ. ಆಕ್ಟೇನ್ 95ರ ಪೆಟ್ರೋಲ್ ಸ್ವಲ್ಪ ಆಸರೆ, ಪೂರ್ತಿ ಮದ್ದಲ್ಲ.

ಇನ್ನೊಬ್ಬರು: ಮಾರುತಿ 800ಗೂ ಇದೇ ಲೆಕ್ಕವಾ?

ಉತ್ತರ: ಸಿಸಿ ಲೆಕ್ಕ ಹೌದು, ಮಿಕ್ಕಿದ್ದು ಬೇರೆ. ಅಲ್ಲಿ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹೆಡ್ ಮೇಲಿದೆ, ಬೆಲ್ಟ್‌ನಲ್ಲಿ ತಿರುಗುತ್ತೆ. ಹೆಡ್ ಕೆಳಗಿಳಿದರೆ ಕ್ಯಾಮ್ ಕ್ರ್ಯಾಂಕ್‌ಗೆ ಹತ್ತಿರವಾಗಿ, ಟೈಮಿಂಗ್ ತಡವಾಗುತ್ತೆ. ಕ್ಯಾಮ್ ಪುಲ್ಲಿ ವ್ಯಾಸ 100 ಎಂಎಂ ಅಂದುಕೊಂಡರೆ 0.5ಕ್ಕೆ ಕ್ರ್ಯಾಂಕ್‌ನಲ್ಲಿ ಒಂದು ಡಿಗ್ರಿ ಚಿಲ್ಲರೆ. ವಾಲ್ವಿಗೂ ಪಿಸ್ಟನ್ನಿಗೂ ಸಂದು ಉಳಿದಿದೆಯಾ ಅಂತ ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಅಂಟಿಸಿ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ ನೋಡಬೇಕು. ಹೆಡ್ ಬೆಂಡಾಗಿದ್ದರೆ ಸಪಾಟು ಮಾಡಲು ಬೇಕಾದಷ್ಟೇ ತೆಗೆಸಿ. ಕಂಪ್ರೆಷನ್‌ಗೋಸ್ಕರ ಅದನ್ನು ಬಿಚ್ಚೋದು ದಂಡ.

ಪ್ರಶ್ನೆ: ಮೊದಲ ಗಾಡಿಯವನೇ. ಪಿಸ್ಟನ್ ಸರಿ ಇದೆ, ಜೆಟ್ ಏರಿಸಿದೆ, ಸದ್ದು ಕಮ್ಮಿ ಆದರೂ ಪೂರ್ತಿ ಹೋಗಿಲ್ಲ. ಹೊಡೆದಿದ್ದನ್ನು ವಾಪಸ್ ತರೋ ದಾರಿ ಇದೆಯಾ?

ಉತ್ತರ: ತಾಮ್ರದ ತಗಡಿನಲ್ಲಿ ಈಗಿನದಕ್ಕಿಂತ 0.3 ದಪ್ಪದ ಹೆಡ್ ಗ್ಯಾಸ್ಕೆಟ್ ಕತ್ತರಿಸಿ. ಬ್ಯಾರಲ್ ಕೆಳಗಿನ ಗ್ಯಾಸ್ಕೆಟ್ ದಪ್ಪ ಮಾಡಬೇಡಿ, ಪೋರ್ಟ್ ಟೈಮಿಂಗ್ ಕೆಡುತ್ತೆ. ತಾಮ್ರವನ್ನು ಕೆಂಪಗೆ ಕಾಯಿಸಿ ನೀರಿಗದ್ದಿ ಮೆತ್ತಗೆ ಮಾಡಿ ಹಾಕಿ. ಒಮ್ಮೆ ಓಡಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನಟ್‌ಗಳನ್ನು ಅಡ್ಡಅಡ್ಡ ಸಾಲಿನಲ್ಲಿ ಮತ್ತೆ ಟಾರ್ಕ್ ಮಾಡಿ.