ಸಹಾಯ ಬೇಕು: ಜಿಪಿಎಸ್‌ಎಂ2 ಜೀನ್ ವರದಿಯಲ್ಲಿ ‘ವಿಯುಎಸ್’ (ರೋಗಕಾರಕವೋ ಅಲ್ಲವೋ ಖಚಿತವಿಲ್ಲದ ಬದಲಾವಣೆ) ಬಂದದ, ಮುಂದೇನು?

ನಮಸ್ಕಾರ್ರಿ. ರಾಯಚೂರು ಕಡೆ 14 ತಿಂಗಳ ಕೂಸಿನ ವಿಷಯ. ತಂದೆ ತಮ್ಮ ಅಕ್ಕನ ಮಗಳನ್ನೇ ಮದುವೆ ಆಗ್ಯಾರ. ಬೆರಾ (ಶಬ್ದಕ್ಕೆ ಕಿವಿ ನರ, ಮೆದುಳಿನ ಪ್ರತಿಕ್ರಿಯೆ ಅಳೆಯುವ) ಪರೀಕ್ಷೆಯೊಳಗ 90 ಡೆಸಿಬಲ್‌ಗೂ ಎರಡೂ ಕಿವಿಯಾಗ ಅಲೆ ಇಲ್ಲ, ಓಎಇ (ಒಳಗಿವಿಯಿಂದ ಹೊರಬರುವ ಸಣ್ಣ ಧ್ವನಿ) ಕೂಡ ಇಲ್ಲ. ಹುಟ್ಟು ಕಿವುಡಿಗೆ ಸಾಮಾನ್ಯ ಕಾರಣವಾದ ಜಿಜೆಬಿ2 ಜೀನ್ ನಾರ್ಮಲ್. ಎಂಆರ್‌ಐನಲ್ಲಿ ಕಾಕ್ಲಿಯಾ (ಒಳಗಿವಿಯ ಸುರುಳಿ), ಕಿವಿ ನರ ಸರಿ ಅದಾವ. ಆದ್ರ ಕಾರ್ಪಸ್ ಕಲೋಸಮ್ (ಮೆದುಳಿನ ಎರಡು ಭಾಗ ಜೋಡಿಸುವ ನರಪಟ್ಟಿ) ಪೂರ್ತಿ ಬೆಳೆದಿಲ್ಲ, ವೆಂಟ್ರಿಕಲ್ (ಮೆದುಳಿನೊಳಗಿನ ದ್ರವದ ಕೋಣೆ) ದೊಡ್ಡವು.

ಎಕ್ಸೋಮ್ (ಜೀನ್‌ಗಳ ಪ್ರೋಟೀನ್ ಮಾಡುವ ಭಾಗ ಓದುವ) ಪರೀಕ್ಷೆಯಲ್ಲಿ ಜಿಪಿಎಸ್‌ಎಂ2 ಜೀನ್‌ನ ಎರಡೂ ಪ್ರತಿಯಾಗ ಒಂದೇ ಮಿಸ್‌ಸೆನ್ಸ್ (ಪ್ರೋಟೀನ್‌ನ ಒಂದು ಅಮೈನೋ ಆಮ್ಲ ಬದಲಿಸುವ) ಬದಲಾವಣೆ ಸಿಕ್ಕದ, ಲ್ಯಾಬ್ ಅದಕ್ಕ ‘ವಿಯುಎಸ್’ ಷರಾ ಕೊಟ್ಟದ. ಇದರ ಪ್ರೋಟೀನ್ ಮೆದುಳಿನ ಕೋಶ ಒಡೆಯುವಾಗ ಸ್ಪಿಂಡಲ್‌ಗೆ (ಕ್ರೋಮೋಸೋಮ್ ಹಂಚುವ ಎಳೆಗಳಿಗೆ) ದಿಕ್ಕು ಕೊಡ್ತದ, ಒಳಗಿವಿಯ ಕೇಶಕೋಶದ ಎಳೆಗಳು ಉದ್ದ ಬೆಳೆಯಾಕೂ ಅದೇ ಬೇಕು. ಹಂಗಾಗಿ ಲಕ್ಷಣಗಳು ಚಡ್ಲಿ-ಮೆಕಲ್ಲಾ ಸಿಂಡ್ರೋಮ್‌ಗೆ (ಕಿವುಡು, ಮೆದುಳಿನ ರಚನಾ ದೋಷ ಒಟ್ಟಿಗೆ ಬರುವ ಆನುವಂಶಿಕ ಕಾಯಿಲೆ) ಹೊಂದ್ತಾವ.

ತೊಡಕು ಇಲ್ಲಿ: ಈ ಕಾಯಿಲೆಯಲ್ಲಿ ವರದಿಯಾದ ಬದಲಾವಣೆಗಳು ಹೆಚ್ಚಾಗಿ ಪ್ರೋಟೀನನ್ನು ಅರ್ಧಕ್ಕೇ ನಿಲ್ಲಿಸುವಂಥವು, ಇದು ಮಿಸ್‌ಸೆನ್ಸ್. ಸ್ಯಾಂಗರ್ (ಆ ಒಂದು ಜಾಗವನ್ನಷ್ಟೇ ಓದುವ ಡಿಎನ್‌ಎ) ಪರೀಕ್ಷೆಯಲ್ಲಿ ತಂದೆ-ತಾಯಿ ಇಬ್ಬರೂ ವಾಹಕರು, ಆದ್ರ ರಕ್ತಸಂಬಂಧ ಇರೋದ್ರಿಂದ ನಿರಪಾಯ ಬದಲಾವಣೆಯೂ ಹಿಂಗ ಎರಡೂ ಪ್ರತಿಯಾಗ ಬರಬಹುದು, ಇಷ್ಟೇ ಪುರಾವೆ ಸಾಲದು. ಲ್ಯಾಬ್‌ನಲ್ಲಿ ಡೇಟಾ ಮತ್ತೆ ನೋಡಿಸಿದ್ರೂ ಷರಾ ಬದಲಾಗಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಾಕ ಒಳಗಿವಿಗೆ ಹಾಕುವ ಸಾಧನ) ಮಾತ್ರ ಇದಕ್ಕಾಗಿ ತಡ ಮಾಡಬಾರದು ಅನ್ನೋದು ನನ್ನ ಅಭಿಪ್ರಾಯ, ಭಾಷೆ ಕಲಿಯುವ ವಯಸ್ಸು ಕಾಯಂಗಿಲ್ಲ. ಆದ್ರ ಮುಂದಿನ ಬಸಿರಿನ ಪರೀಕ್ಷೆಗೆ ಖಚಿತ ಉತ್ತರ ಬೇಕೇ ಬೇಕು.

ಚೆನ್ನಾಗಿ ಕೇಳುವ ಅಣ್ಣ ಒಬ್ಬ ಇದ್ದಾನ. ಅವನ ಸ್ಯಾಂಗರ್ ಮಾಡಿಸಿದ್ರ ಷರಾ ಬದಲಾಗುವಷ್ಟು ತೂಕ ಬರ್ತದೇನು, ಇಲ್ಲಾ ಪ್ರೋಟೀನ್ ಕೆಲಸದ ಪ್ರಯೋಗವೇ ಬೇಕಾ? ಅನುಭವ ಇದ್ದವರು ಹೇಳ್ರಿ.